ಟೀಚರ್ ಕೇಳಿದ ಕೊನೆಯ ಪ್ರಶ್ನೆ

ಮೊದಲಿಗೆ ಓದುಗರ ಕ್ಷಮೆ ಕೇಳಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಹಿರಿಯರೊಬ್ಬರ ಬದುಕನ್ನು ಬರೆಹಕ್ಕೆ ಇಳಿಸುವ ಅಭ್ಯಾಸ ನನಗಿಲ್ಲ. ಎಲ್ಲಿ ತಪ್ಪಾಗುವುದೋ ಎಂಬ ಅಂಜಿಕೆ ಮಾತ್ರ ಚೆನ್ನಾಗಿ ಅಭ್ಯಾಸವಾಗಿದೆ. ಇಲ್ಲಿ ಹೇಳಹೊರಟಿರುವ ಸಂಗತಿಗೆ ಆ ಅಂಜಿಕೆಯೇ ಕಾರಣವಾದ್ದರಿಂದ, ಬರೆಹದಲ್ಲಿಯೂ ಅದು ಕಂಡರೆ ದಯವಿಟ್ಟು ಸಹಿಸಿಕೊಳ್ಳಬೇಕು.

ಟೀಚರ್ ಬಲಗೈಯ ತೋರುಬೆರಳು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿದೆ. ಗಂಟುನೋವಿನಿಂದ ಮೊದಲ ಗೆಣ್ಣಿನಲ್ಲಿ ಎಡಕ್ಕೆ ಬಾಗಿದ್ದ, ತುದಿ ಸವೆದು ನುಣುಪಾಗಿದ್ದ ಬೆರಳು. ನಾನು ಓದಲು ತೊಡಗಿದೊಡನೆ ಅದು ಊಟದ ಮೇಜಿನ ರೆಕ್ಸಿನ್ ಹಾಸಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಚಲಿಸುತ್ತಿತ್ತು. ಅಲ್ಲಿ ಇಲ್ಲದ ಸಾಲೊಂದರ ಕೊನೆ ಮುಟ್ಟಿ, ಹಿಂದಿರುಗಿ, ಮುಂದಿನ ಸಾಲು ಹಿಡಿಯುತ್ತಿತ್ತು. ಕಣ್ಣು ಮಬ್ಬಾಗಿ ಅವರಿಗೆ ಅಕ್ಷರಗಳು ಕಾಣದಾಗಿ ಎರಡು ವರ್ಷವಾಗಿತ್ತು. ಬೆರಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ಅವರು ಕಂಟೋನ್ಮೆಂಟಿನ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ ನಿವೃತ್ತರಾದವರು. ಮನೆಮಾತು ತಮಿಳು. ಕ್ರೈಸ್ತರು. "ನಾನು ಅಡುಗೆ ಮಾಡೋದು ತಮಿಳಲ್ಲಿ, ಬೈಯೋದು ಇಂಗ್ಲಿಷಲ್ಲಿ, ದೇವರ ಹತ್ರ ಜಗಳ ಆಡೋದು ಕನ್ನಡದಲ್ಲಿ" ಎಂದು ಹೇಳಿಕೊಳ್ಳುತ್ತಿದ್ದರು. ಪತಿ ತೀರಿಕೊಂಡ ಮೇಲೆ ಕಾಕ್ಸ್‌ಟೌನಿನ ಚರ್ಚಿನ ಹಿಂದಿನ ಬೀದಿಯಲ್ಲಿ, ಕೆಂಪು ನೆಲದ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಅಕ್ಕಪಕ್ಕದ ಮನೆಗಳೆರಡೂ ಆಗಲೇ ಫ್ಲ್ಯಾಟುಗಳಾಗಿದ್ದವು. ಆ ಮನೆಯ ಪಾತ್ರೆ ತೊಳೆದು ನೆಲ ಒರೆಸುವ ಕೆಲಸ ನಮ್ಮ ಅವ್ವನದು. ನಾವು ಯಾದಗಿರಿ ಕಡೆಯಿಂದ ಬಂದವರು. ಅಪ್ಪ ಗಾರೆ ಕೆಲಸ ಮಾಡುತ್ತಿದ್ದ. ಹಲಸೂರಿನ ವಠಾರವೊಂದರ ಒಂದೇ ಕೋಣೆಯಲ್ಲಿ ನಮ್ಮ ಬಾಡಿಗೆಯ ಸಂಸಾರ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಶಾಲೆ ಬಿಟ್ಟ ಮೇಲೆ ಅವ್ವನ ಕೆಲಸ ಮುಗಿಯುವವರೆಗೆ ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಪಾಠ ಓದಿಕೊಳ್ಳುತ್ತಿದ್ದೆ. ಒಂದು ಸಂಜೆ ಒಳಗಿನಿಂದ ದನಿ ಬಂತು.

"ಯಾರದು ಓದ್ತಿರೋದು? ಇಲ್ಲಿ ಬಾ. ಸ್ವರ ಚೆನ್ನಾಗಿದೆ. ಉಸಿರು ಎಲ್ಲಿ ತಗೋಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ."

ಹೇಳಿಕೊಡುವ ಹೊಣೆಯನ್ನು ಅವರೇ ಹೊತ್ತರು. ಪ್ರತಿಯಾಗಿ ನಾನು ದಿನಕ್ಕೊಂದು ಅಧ್ಯಾಯದಂತೆ ಅವರ ಕನ್ನಡ ಬೈಬಲನ್ನು ಗಟ್ಟಿಯಾಗಿ ಓದಬೇಕು. ಸುದ್ದಿ ಕೇಳಿ ಅಪ್ಪ ಗಾಬರಿಯಾದ. "ನಾಳೆ ನೀರಾಗ ಮುಳುಗಿಸಿ ಹೆಸರು ಬದಲಿ ಮಾಡ್ಯಾರು, ನೋಡ್ಕೋ" ಎಂದು ಅವ್ವನನ್ನು ಎಚ್ಚರಿಸಿದ. ಅವ್ವ ಇದನ್ನು ಹಾಗೆಯೇ ಟೀಚರ್ ಕಿವಿಗೆ ಹಾಕಿದಳು. ಅವರು ಜೋರಾಗಿ ನಕ್ಕು, "ನಿಮ್ಮ ಯಜಮಾನ್ರಿಗೆ ಹೇಳು, ನನಗೆ ಬೇಕಾಗಿರೋದು ನಿಮ್ಮ ಹುಡುಗಿಯ ಕಣ್ಣು, ಆತ್ಮ ಅಲ್ಲ" ಎಂದರು. ಕೊನೆಯವರೆಗೂ ಅವರು ನನ್ನನ್ನು ಚರ್ಚಿಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ.

ಅವರ ನಿಯಮ ಒಂದೇ: ಏನನ್ನೂ ಬಿಡಬಾರದು. ಯಾರು ಯಾರ ಮಗ ಎಂಬ ಪಟ್ಟಿಗಳು ಪುಟಗಟ್ಟಲೆ ಬರುತ್ತಿದ್ದವು. ನನ್ನ ನಾಲಗೆ ತೊಡರುತ್ತಿತ್ತು. "ಹೆಸರು ಹಾರಿಸ್ಬೇಡ ಪುಟ್ಟಿ. ಅವರಿಗೂ ಒಬ್ಬ ತಾಯಿ ಇದ್ಲು, ಯೋಚನೆ ಮಾಡಿ ಹೆಸರಿಟ್ಟಿರ್ತಾಳೆ" ಎನ್ನುತ್ತಿದ್ದರು. ಪಟ್ಟಿಗಳು ಮುಗಿದರೆ ಯುದ್ಧಗಳು. ದಿನವೂ ಟೀಚರ್‌ಗೆ ಬನ್ ತರಲು ನಾನು ಬೀದಿಯ ತುದಿಯ ಬೇಕರಿಗೆ ಹೋಗುತ್ತಿದ್ದೆ. ನಾನು ಏನು ಓದುತ್ತಿದ್ದೇನೆಂದು ಅಲ್ಲಿನ ಚಾಚಾಗೆ ಚೆನ್ನಾಗಿ ತಿಳಿದಿತ್ತು.

"ಕ್ಯಾ ಪಾಸ್ಟರಮ್ಮಾ, ಇವತ್ತು ಎಷ್ಟು ಜನ ಸತ್ರು?"

"ಇವತ್ತು ಇಡೀ ಊರೇ ಹೋಯ್ತು ಚಾಚಾ."

"ಯಾ ಅಲ್ಲಾ! ಹಂಗಾದ್ರೆ ಟೀಚರ್‌ಗೆ ಎರಡು ಬನ್ ತಗೊಂಡು ಹೋಗು. ಒಂದು ಸಾಕಾಗಲ್ಲ."

ಹೊಸ ವರ್ಷದ ದಿನ ಅವರ ಚರ್ಚಿನಲ್ಲಿ ಪ್ರತಿಯೊಬ್ಬರೂ ಬೈಬಲಿನ ಒಂದೊಂದು ವಚನದ ಚೀಟಿ ಎತ್ತಿಕೊಳ್ಳುವ ಪದ್ಧತಿಯಿತ್ತು. ಆ ವರ್ಷಕ್ಕೆ ದೇವರು ತಮಗೆ ಕೊಟ್ಟ ವಾಗ್ದಾನವೆಂದು ಅದನ್ನು ಮನೆಯ ಗೋಡೆಗೆ ಅಂಟಿಸಿಕೊಳ್ಳುವುದುಂಟು. ಟೀಚರ್ ಮಾತ್ರ ಚೀಟಿಯನ್ನು ನನ್ನಿಂದ ಓದಿಸಿಕೊಂಡು, ಮಡಿಸಿ, ಸಕ್ಕರೆ ಡಬ್ಬದ ಕೆಳಗೆ ಇಟ್ಟುಬಿಡುತ್ತಿದ್ದರು.

"ಇದರಲ್ಲಿ ಬರೀ ಸಿಹಿನೇ ಇರುತ್ತೆ. ಶಾಪದ ಚೀಟಿ ಯಾರಿಗಾದ್ರೂ ಬಂದಿದ್ದು ಕೇಳಿದ್ದೀಯಾ? ಒಬ್ಬ ಮನುಷ್ಯನ್ನ ಪೂರ್ತಿ ತಿಳ್ಕೋಬೇಕು ಅಂದ್ರೆ ಕೋಪದಲ್ಲಿ ಅವನು ಏನಂದ ಅಂತಾನೂ ಕೇಳಿಸ್ಕೋಬೇಕು. ದೇವರಿಗೂ ಅಷ್ಟೇ."

ಅವರ ಮಲಗುವ ಕೋಣೆಯಲ್ಲಿ ಹಲ್ಲು ಬಿದ್ದ ನಗುವಿನ ಹುಡುಗನೊಬ್ಬನ ಫೋಟೋ ಇತ್ತು. ಅದು ಅವರ ಒಬ್ಬನೇ ಮಗನದೆಂದೂ ಆರನೇ ವಯಸ್ಸಿನಲ್ಲಿ ಹೋದನೆಂದೂ ಅವ್ವ ನನಗೆ ಹೇಳಿದ್ದಳು. ಹೀಗಾಗಿ, ನಾನು ಹತ್ತನೇ ತರಗತಿಯಲ್ಲಿದ್ದಾಗ, ಮರುದಿನದ ಅಧ್ಯಾಯದ ಮೇಲೆ ಮೊದಲೇ ಕಣ್ಣಾಡಿಸಿದವಳು ಇದನ್ನು ಅವರ ಮುಂದೆ ಹೇಗೆ ಓದುವುದೆಂದು ಅಂಜಿದೆ. ರಾಜನೊಬ್ಬ ಪರರ ಹೆಂಡತಿಯನ್ನು ಬಯಸಿ, ಅವಳ ಗಂಡನನ್ನು ಕೊಲ್ಲಿಸುತ್ತಾನೆ. ಆ ತಪ್ಪಿಗೆ ದೇವರು ಅವನ ಹಸುಗೂಸಿಗೆ ಕಾಯಿಲೆ ತರುತ್ತಾನೆ. ರಾಜ ಅನ್ನ ನೀರು ಬಿಟ್ಟು ನೆಲದ ಮೇಲೆ ಬಿದ್ದು ಬೇಡಿಕೊಂಡರೂ ಏಳನೆಯ ದಿನ ಮಗು ಸಾಯುತ್ತದೆ. ಮರುದಿನ ನಾನು ಆ ಅಧ್ಯಾಯ ಬಿಟ್ಟು ಮುಂದಿನದನ್ನು ಆರಂಭಿಸಿದೆ.

ರೆಕ್ಸಿನ್ ಮೇಲಿನ ಬೆರಳು ನಿಂತಿತು.

"ಒಂದು ಅಧ್ಯಾಯ ಎಲ್ಲಿ ಹೋಯ್ತು?"

"ಹಾಳೆ ಅಂಟ್ಕೊಂಡಿತ್ತು ಟೀಚರ್."

"ಬಿಡಿಸು."

ಬಿಡಿಸುವ ನಟನೆ ಮಾಡಿ ಓದಿದೆ. ಮಗು ಸತ್ತ ಸುದ್ದಿಯನ್ನು ತಿಳಿಸಲು ಸೇವಕರು ಹೆದರುವಲ್ಲಿಗೆ ಬಂದಾಗ ಒಂದೇ ಸಾಲನ್ನು ಎರಡು ಸಲ ಓದಿದೆ. ಅವರು ನನ್ನನ್ನು ನಿಲ್ಲಿಸಲಿಲ್ಲ. ಅಧ್ಯಾಯ ಮುಗಿದ ಮೇಲೆ ತಾವಾಗಿಯೇ ಮಾತಾಡಿದರು.

"ಆವತ್ತು ಅವನಿಗೆ ಜ್ವರ ಇತ್ತು. ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಶನ್ ನಡೀತಿತ್ತು, ರಜ ಕೊಡ್ತಿರ್ಲಿಲ್ಲ. ಕೇಳಿದ್ರೆ ಕೊಡ್ತಿದ್ರೇನೋ, ನಾನು ಕೇಳ್ಲಿಲ್ಲ. ಸಾಯಂಕಾಲ ಬಂದು ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ ಅಂತ ಅತ್ತೆ ಹತ್ರ ಬಿಟ್ಟು ಹೋದೆ." ಬೆರಳು ಇಲ್ಲದ ಸಾಲೊಂದರ ಕೊನೆ ಮುಟ್ಟಿತು. "ಸಾಯಂಕಾಲ ಬಂದೆ. ತಡ ಆಗಿತ್ತು. ರಾಜನ ತಪ್ಪಿಗೆ ಮಗು ಹೋಯ್ತು ಅಂತ ಇಲ್ಲಿ ನೇರವಾಗಿ ಬರ್ದಿದೆಯಲ್ಲ ಪುಟ್ಟಿ, ನನ್ನದೂ ಹಾಗೇನಾ ಅಂತ ಕೇಳ್ತಾನೇ ಇದ್ದೀನಿ."

"ಹಂಗಿದ್ರೆ ಇದನ್ನ ಯಾಕೆ ಓದಿಸ್ತೀರಿ ಟೀಚರ್?"

"ಮುಂದೆ ಪ್ರೀತಿ, ಪ್ರೀತಿ ಅಂತ ಬರುತ್ತೆ. ಅದನ್ನ ನಂಬಬೇಕು ಅಂದ್ರೆ ಇದನ್ನ ದಾಟ್ಕೊಂಡೇ ಹೋಗ್ಬೇಕು. ಇದನ್ನ ಬಿಟ್ಟು ಹೋದ್ರೆ ಅದು ಬರೀ ಚೀಟಿ ಪ್ರೀತಿ."

ನಾನು ಪದವಿಯ ಮೊದಲ ವರ್ಷದಲ್ಲಿದ್ದಾಗ ಪುಸ್ತಕ ಮುಗಿಯಿತು. ಮರುದಿನವೇ ಮೊದಲ ಪುಟದಿಂದ ಮತ್ತೆ ತೊಡಗಿದೆವು. ಕಾಲೇಜಿನಲ್ಲಿ ನಾನು ಉತ್ತರ ಬರೆಯುವ ಕ್ರಮ ಕಲಿತೆ: ಒಂದೆಡೆ ಹೀಗೆ, ಮತ್ತೊಂದೆಡೆ ಹಾಗೆ, ಕೊನೆಗೆ ಯಾರಿಗೂ ನೋವಾಗದ ಒಂದು ತೀರ್ಮಾನ. ಅಧ್ಯಾಪಕರು ಮೆಚ್ಚಿದರು. ಊರಿನ ಮಾತು ಎಲ್ಲಿ ಇಣುಕುವುದೋ ಎಂದು ಹೆದರಿ, ನಾಲ್ಕು ಜನರ ಮುಂದೆ ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಪೂರ್ತಿಗೊಳಿಸುವುದು ನನ್ನ ರೂಢಿಯಾಯಿತು. ಟೀಚರ್ ಅದನ್ನು ಗಮನಿಸಿದ್ದರು. "ಈಗೀಗ ನೀನು ಮಾತಾಡಿದ್ರೂ ಮಾರ್ಜಿನ್ ಹಾಕ್ದಂಗಿರುತ್ತೆ" ಎಂದು ಚುಡಾಯಿಸುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ಭಾವಿಸಿದ್ದೆ.

ಇಂದಿರಾನಗರದ ಕಚೇರಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಕೆಲಸ ಸಿಕ್ಕಿದ ಮೇಲೆ ನನ್ನ ಓದು ಭಾನುವಾರಕ್ಕೆ ಸೀಮಿತವಾಯಿತು; ವಾರದ ಅಧ್ಯಾಯಗಳನ್ನೆಲ್ಲ ಅಂದೇ ಓದುತ್ತಿದ್ದೆ. ಎರಡನೆಯ ಓದು ಮುಗಿದ ಕೆಲವು ತಿಂಗಳಿಗೆ ಟೀಚರ್ ಹೃದಯ ಸೋತಿತು. ಕಾಲು ಬಾತುಕೊಂಡು ನಡೆದಾಡಲಾಗದೆ, ಮಂಚವನ್ನು ಹೊರಗಿನ ಕೋಣೆಗೆ ತಂದು ಹಾಕಿದರು. ಅವರ ಅಣ್ಣನ ಮಗಳು ಬಂದು ಜೊತೆಗಿದ್ದರು. ಅದೊಂದು ಭಾನುವಾರದ ಮಧ್ಯಾಹ್ನ ಅವ್ವ ಒದ್ದೆ ಬಟ್ಟೆಯಿಂದ ಅವರ ಕಾಲು ಒರೆಸುತ್ತಿದ್ದಳು. ನಾನು ಓದು ಮುಗಿಸಿದೊಡನೆ ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಪುಟ್ಟಿ, ನೀನು ಎರಡು ಸಲ ಪೂರ್ತಿ ಓದಿದ್ದೀಯ. ನಮ್ಮ ಪಾಸ್ಟರೂ ಅಷ್ಟು ಓದಿರ್ಲಿಕ್ಕಿಲ್ಲ. ನೀನು ನಮ್ಮ ಮತದವಳಲ್ಲ, ಯಾರನ್ನೂ ಮೆಚ್ಚಿಸ್ಬೇಕಾಗಿಲ್ಲ. ಹೇಳು, ಈ ಪುಸ್ತಕದೊಳಗಿರೋ ದೇವರು ಪ್ರೀತಿ ಮಾಡೋ ದೇವರಾ?"

ನಾನು ನೆಟ್ಟಗೆ ಕುಳಿತೆ. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ನಂತರ ಹೇಳಿದ್ದು ಇದು. ಒಂದಕ್ಷರವನ್ನೂ ಮರೆಯಲು ನನಗೆ ಸಾಧ್ಯವಾಗಿಲ್ಲ.

"ಟೀಚರ್, ಒಟ್ಟಾಗಿ ಗಮನಿಸಿದರೆ ಇದರಲ್ಲಿ ಎರಡು ಧಾರೆಗಳಿವೆ. ಒಂದೆಡೆ ಪ್ರಳಯ, ಯುದ್ಧ, ಹೆತ್ತವರ ತಪ್ಪಿಗೆ ಮಗುವಿಗೆ ಶಿಕ್ಷೆ. ಮತ್ತೊಂದೆಡೆ ಕಳೆದುಹೋದ ಕುರಿಯನ್ನು ಹುಡುಕಿ ಹೊರಡುವ ಕುರುಬ, ಹಾಳಾಗಿ ಬಂದ ಮಗನನ್ನು ತಬ್ಬಿಕೊಳ್ಳುವ ತಂದೆ. ಆದ್ದರಿಂದ ಹೀಗೇ ಎಂದು ಖಚಿತವಾಗಿ ತೀರ್ಮಾನಿಸುವುದು ಕಷ್ಟ."

ಅವ್ವನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಟೀಚರ್ ನಕ್ಕರು.

"ಹತ್ತಕ್ಕೆ ಒಂಬತ್ತು. ಒಂದು ಯಾಕೆ ಕಳೆದೆ ಗೊತ್ತಾ?"

"ಇಲ್ಲ ಟೀಚರ್."

"ಇರ್ಲಿ ಬಿಡು."

ಅವರು ನನ್ನ ಕೈ ಬಿಟ್ಟು ಗೋಡೆಯ ಕಡೆಗೆ ಹೊರಳಿದರು. ಮನೆಯಿಂದ ಹೊರಬೀಳುವಾಗ ಒಂಬತ್ತು ಅಂಕ ಸಿಕ್ಕಿತಲ್ಲ ಎಂಬ ಸಂತೋಷವೇ ನನ್ನಲ್ಲಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಹಲಸೂರು ಕೆರೆಯ ಪಕ್ಕದ ರಸ್ತೆಗೆ ಬಂದಾಗ ಅವ್ವ ನನ್ನ ತೋಳು ಹಿಡಿದಳು. ಅಲ್ಲಿ ನಿಂತು ಕೇಳಿದಳು.

"ಅಮ್ಮಾರು ನಿನಗ ಪರೀಕ್ಷಾ ಇಟ್ಟಿದ್ರೇನು? ಅವರು ತಮ್ಮ ಕೂಸಿಂದು ಕೇಳಿದ್ರು."

"ಮತ್ತ ಸುಳ್ಳು ಹೇಳಬೇಕಿತ್ತೇನವ್ವಾ?"

"ಸುಳ್ಳು ಯಾಕ? ಕೂಸಿಗಿ ಜ್ವರ ಬಂತು, ಹೋತು. ನಿನಗಿಂತ ಮದಲ ಹುಟ್ಟಿದ್ದೂ ಊರಾಗ ಹಂಗ ಹೋತು. ಅದಕ್ಕ ನಾ ಏನ್ ಪಾಪ ಮಾಡಿದ್ನಿ? ಇಷ್ಟು ಹೇಳಾಕ ಡಿಗ್ರಿ ಬೇಕೇನು ನಿನಗ?"

ನನಗಿಂತ ಮೊದಲು ಒಂದು ಮಗು ಇತ್ತೆಂಬುದು ಆ ರಸ್ತೆಯಲ್ಲಿ ನನಗೆ ಮೊದಲ ಬಾರಿಗೆ ತಿಳಿಯಿತು.

ಅಂದೇ ಹಿಂದಿರುಗಿ ಹೋಗಬಹುದಿತ್ತು; ಇಪ್ಪತ್ತು ನಿಮಿಷದ ದಾರಿ. ಫೋನು ಮಾಡಬಹುದಿತ್ತು. ಆದರೆ ಈ ಬಾರಿ ತಪ್ಪಾಗಬಾರದು, ಬರೆದುಕೊಂಡು ಹೋಗಿ ಭಾನುವಾರ ಓದಿ ಹೇಳೋಣ ಎಂದು ನಿಶ್ಚಯಿಸಿದೆ. ಕಚೇರಿಯ ಊಟದ ವಿರಾಮದಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಬುಧವಾರ ಅದೊಂದು ರೂಪಕ್ಕೆ ಬಂತು: "ಟೀಚರ್, ನಿಮ್ಮ ಮಗು ಹೋದದ್ದು ಜ್ವರದಿಂದ, ನಿಮ್ಮ ತಪ್ಪಿನಿಂದಲ್ಲ. ನಾನು ಎರಡು ಸಲ ಓದಿದ್ದೇನೆ. ಆ ದೇವರು ನಿಮ್ಮನ್ನು ಪ್ರೀತಿಸುತ್ತಾನೆ." ಕೊನೆಯ ವಾಕ್ಯವನ್ನು ನಾನು ನಂಬಿದ್ದೆನೇ ಎಂದು ಯಾರಾದರೂ ಕೇಳಿದರೆ, ಬರೆದು ಮುಗಿಸಿದಾಗ ನಂಬಿದ್ದೆ ಎಂದಷ್ಟೇ ಹೇಳಬಲ್ಲೆ. ಎಲ್ಲವನ್ನೂ ದಾಟಿಕೊಂಡು ಎರಡು ಸಲ ನಡೆದು ಬಂದ ಆ ಮುದುಕಿಯನ್ನು ಪ್ರೀತಿಸದಿರಲು ಯಾವ ದೇವರಿಗೂ ಕಾರಣ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಅವ್ವ ಕಾಫಿ ಹಿಡಿದು ಕೋಣೆಗೆ ಹೋದಾಗ ಟೀಚರ್ ತೀರಿಕೊಂಡಿದ್ದರು.

ಸಮಾಧಿಯ ಕಾರ್ಯ ಮುಗಿದ ಸಂಜೆ ನಾನು ಆ ಹಾಳೆಯನ್ನು ಅವ್ವನಿಗೆ ಓದಿ ಹೇಳಿದೆ. ಅಕ್ಷರ ಬಾರದ ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು, "ಸೋಮವಾರನ ನಾ ಹೇಳಿದ್ನಿ ಅವರಿಗಿ. ಇದನ್ನ ಹೇಳಿದ್ನಿ" ಎಂದಳು.

"ಏನಂದ್ರು?"

"ಕೈ ಹಿಡ್ಕೊಂಡ್ರು. ಅತ್ರು. 'ನಿನ್ನ ಮಾತು ಸರಿ ಕಣಮ್ಮಾ, ಆದ್ರೆ ಓದಿದವಳ ಬಾಯಲ್ಲಿ ಕೇಳ್ಬೇಕಿತ್ತು' ಅಂದ್ರು."

ಓದಲು, ಉಸಿರು ತೆಗೆದುಕೊಳ್ಳಲು, ಜನರೆದುರು ನಿಂತು ಮಾತಾಡಲು ಅವರು ನನಗೆ ಕಲಿಸಿದರು. ಆ ಕಲಿಕೆ ಅವರಿಗೆ ಬೇಕಾಗಿದ್ದು ಒಂದೇ ಒಂದು ಸಲ. ಅಂದು ನಾನು ಅಂಕ ಗಳಿಸುವುದರಲ್ಲಿ ಮಗ್ನಳಾಗಿದ್ದೆ.

ಆನಂತರ ನಮ್ಮ ಸಂಸಾರದಲ್ಲಿ ಆದ ಬದಲಾವಣೆಗಳಿಷ್ಟು. ಟೀಚರ್ ಮನೆಯನ್ನು ಫ್ಲ್ಯಾಟು ಕಟ್ಟುವವರಿಗೆ ಕೊಟ್ಟದ್ದರಿಂದ ಅವ್ವನ ಕೆಲಸ ಹೋಯಿತು. ಅಪ್ಪನ ಕೆಲಸವೆಲ್ಲ ಹೊರಮಾವಿನ ಕಡೆಗಿದ್ದುದರಿಂದ ಹಲಸೂರಿನ ಕೋಣೆ ಬಿಟ್ಟು ಅಲ್ಲಿಗೇ ಹೋದೆವು. ಅವ್ವ ಈಗ ಅಪಾರ್ಟ್‌ಮೆಂಟೊಂದರಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಾಳೆ. ಸಂಜೆ ಬಂದು, ಕೈಕಾಲು ತೊಳೆದು, ಸ್ಲೇಟು ಹಿಡಿದು ನನ್ನ ಮುಂದೆ ಕೂರುತ್ತಾಳೆ. ಕಲಿಸೆಂದು ಕೇಳಿದವಳು ಅವಳೇ. ಯಾಕೆಂದು ಅಪ್ಪ ಕೇಳಿದರೆ ಉತ್ತರ ಕೊಡುವುದಿಲ್ಲ. ಕಾಗುಣಿತ ಮುಗಿದಿದೆ. ಈ ವಾರದಿಂದ ಒತ್ತಕ್ಷರ ಆರಂಭಿಸಿದ್ದೇವೆ.