ಗಂಡನ ಪಾಲಿನ ವಚನ

ಹೋದ ಭಾನುವಾರ ನನ್ನ ತಂಗಿ ಸುಗುಣ, ತನ್ನನ್ನು ನೋಡಲು ಬಂದ ಗಂಡಿನ ಕೈಗೇ ಸತ್ಯವೇದ ಕೊಟ್ಟು ಓದಿಸಿಬಿಟ್ಟಳು. ಅದೂ ಹೆಣ್ಣು ನೋಡುವ ಶಾಸ್ತ್ರದಲ್ಲಿ!

ಹೊಸದುರ್ಗದ ನಮ್ಮ ಮನೆಗೆ ಅಂಥ ಸಂಬಂಧ ಬಂದದ್ದೇ ದೊಡ್ಡದು. ಹುಡುಗ ಪ್ರಭುದಾಸ, ಚಿತ್ರದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ಬೆಲ್‌ಬಾಟಮ್ ಪ್ಯಾಂಟು, ಒಳ್ಳೆಯ ಮನೆತನ. ಇದಕ್ಕೆ ಮುಂಚೆ ಎರಡು ಸಂಬಂಧ ‘ಹುಡುಗಿಗೆ ಮಾತು ಜಾಸ್ತಿ’ ಅಂತ ತಪ್ಪಿಹೋಗಿದ್ದವು. ಹಾಗಾಗಿ ಅಪ್ಪ ಬೆಳಿಗ್ಗೆಯೇ ಅವಳನ್ನು ಕೂರಿಸಿಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂತ ತಾಕೀತು ಮಾಡಿದ್ದರು. (ನಾನೂ ಮಾಡಿದೆ. ಅಣ್ಣ ಅನ್ನಿಸಿಕೊಂಡ ಮೇಲೆ ಬಿಡಲಾಗುತ್ತದೆಯೇ?)

ನಮ್ಮ ಕ್ರೈಸ್ತರ ಮನೆಗಳಲ್ಲಿ ಹುಡುಗಿ ನೋಡಲು ಬಂದವರು, ಅಡುಗೆ ಬರುತ್ತಾ ಅಂತ ಕೇಳುವುದಕ್ಕೆ ಮುಂಚೆ ಸತ್ಯವೇದ, ಅಂದರೆ ಬೈಬಲ್ ಓದಿಸುತ್ತಾರೆ. ಮಂಡಕ್ಕಿ, ಮಿರ್ಚಿ ಮುಗಿಯಿತು. ತಮ್ಮ ಚರ್ಚಿನಲ್ಲಿ ಹಿರಿಯರಾದ ಹುಡುಗನ ದೊಡ್ಡಪ್ಪ ಒಂದು ಪುಟ ತೆಗೆದು ಬೆರಳಿಟ್ಟರು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ಸಂತ ಪೌಲ ಬರೆದ ಭಾಗ. (ಇವರಿಗೆ ಬೇರೆ ಪುಟವೇ ಸಿಗುವುದಿಲ್ಲವೇ?)

ಸುಗುಣ ಸ್ಪಷ್ಟವಾಗಿ ಓದಿದಳು. ಸಾಕಮ್ಮ ಅಂದರು ದೊಡ್ಡಪ್ಪ. ಅವಳು ಪುಸ್ತಕ ಮುಚ್ಚಲಿಲ್ಲ.

“ಮುಂದೆ ಗಂಡನಿಗೂ ಐತೆ ದೊಡ್ಡಪ್ಪಾರೆ. ಅದನ್ನ ಅವ್ರೇ ಓದ್ಲಿ. ಮದ್ವೆ ಒಡಂಬಡಿಕೆ ಅಂತೀವಿ, ಇಬ್ರೂ ಮಾತು ಕೊಡ್ಬೇಕಲ್ರಿ?”

ಮುಗೀತು, ಮೂರನೆಯದೂ ಹೋಯಿತು ಅಂದುಕೊಂಡೆ. ಅಪ್ಪನ ಮುಖ ಬಿಳುಚಿಕೊಂಡಿತ್ತು. ದೊಡ್ಡಪ್ಪ ನಮ್ಮಪ್ಪನ ಕಡೆ ತಿರುಗಿ, ಇದನ್ನೆಲ್ಲ ಕಲಿಸಿದ್ದು ಯಾರು ಅಂತ ಕೇಳಿದರು. ಅಪ್ಪ ಒಂದು ಸಲ ಮಗಳ ಮುಖ ನೋಡಿದರು. ಆಮೇಲೆ ನೆಟ್ಟಗೆ ಕೂತರು.

“ನಮ್ಮನೇಲಿ ದಿನಾ ಸಂಜೆ ಪ್ರಾರ್ಥನೇಲಿ ಅಧ್ಯಾಯ ಪೂರ್ತಿ ಓದ್ತೀವ್ರಿ. ಅರ್ಧಕ್ಕೆ ನಿಲ್ಸೋ ರೂಢಿ ಇಲ್ಲ.”

ಅಬ್ಬಾ, ನಮ್ಮಪ್ಪನೇ! ದೊಡ್ಡವರ ಮುಂದೆ ಜೋರಾಗಿ ಕೆಮ್ಮಲೂ ಹೆದರುವ ಮನುಷ್ಯ. ನನ್ನ ಎದೆ ಉಬ್ಬಿಹೋಯಿತು ಕಣ್ರೀ.

ಪ್ರಭುದಾಸ ಪುಸ್ತಕ ತೆಗೆದುಕೊಂಡ. ಕ್ರಿಸ್ತ ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ಪ್ರಾಣ ಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕು ಅನ್ನುವ ಕಡೆ ಅವನ ದನಿ ನಡುಗಿತು. ಆದರೂ ನಿಲ್ಲಿಸಲಿಲ್ಲ. ಓದಿ ಮುಗಿಸಿ, ದೊಡ್ಡಪ್ಪನ ಮುಖವನ್ನೂ ನೋಡದೆ, ನನಗೆ ಒಪ್ಪಿಗೆ ಅಂದ. ಸುಗುಣ ಏನಂದಳು ಗೊತ್ತೇ? ಪ್ರಾರ್ಥನೆ ಮಾಡಿ ಹೇಳ್ತೀನಿ ಅಂದಳು! ಮೂರು ದಿನ ಎಲ್ಲರನ್ನೂ ಕಾಯಿಸಿ, ಬುಧವಾರ ಹೂಂ ಅಂದಳು.

ಅವತ್ತಿನಿಂದ ಬಸ್ ಸ್ಟ್ಯಾಂಡು, ಸಂತೆ, ತಾಲ್ಲೂಕಾಫೀಸು, ಸಿಕ್ಕಸಿಕ್ಕವರಿಗೆಲ್ಲ ತಂಗಿಯ ಪ್ರತಾಪ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನ್ನೆ ಮನೆಗೆ ಬಂದರೆ ನನ್ನ ಹೆಂಡತಿ ಅದೇ ಪುಟ ತೆಗೆದು ಮುಂದಿಟ್ಟಳು.

“ಮದ್ವೆ ಆಗಿ ಎಂಟು ವರ್ಷ ಆತು, ನೀವು ಇದನ್ನ ಓದೋದು ಯಾವಾಗ?”