ನೆರಿಗೆಯ ಬೆನ್ನು

ಶಾಂತಿಗ್ರಾಮದ ಸಣ್ಣಕ್ಕ ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಹತ್ತೊಂಬತ್ತು ವರ್ಷದಿಂದ ಟೈಲರ್. ಹೋದ ವರ್ಷ ಅಲ್ಲಿಗೆ ವಿದೇಶದ ನಾಟಕ ಕಂಪನಿಯೊಂದರಿಂದ ಗೌನುಗಳ ಆರ್ಡರ್ ಬಂತು. ಇನ್ನೂರೈವತ್ತು ವರ್ಷದ ಹಿಂದೆ ಆ ಕಡೆಯ ಹೆಂಗಸರು ತೊಡುತ್ತಿದ್ದಂಥವು. ಸೂಪರ್‌ವೈಸರ್ ರಂಜಿನಿ ಫೋಟೊಗಳನ್ನು ಹರಡಿಕೊಂಡು, ಯಾವುದು ಯಾವ ಬಗೆಯೆಂದು ತಿಳಿಯದೆ ಕೂತಿದ್ದಳು.

"ಮುಂದ್ಗಡೆ ನೋಡ್ಬ್ಯಾಡ ಕಣವ್ವ, ಬೆನ್ನು ನೋಡು," ಎಂದಳು ಸಣ್ಣಕ್ಕ. "ಕತ್ತಿಂದ ನೆರಿಗೆ ಸಡಿಲವಾಗಿ ನೆಲದ ಗಂಟ ಇಳಿದ್ರೆ ಒಂದು ತರ. ಸೊಂಟದ ಗಂಟ ಮೈಗೆ ಅಂಟ್ಸಿ ಹೊಲ್ದಿದ್ರೆ ಇನ್ನೊಂದು. ಹಿಂದ್ಗಡೆ ಲಂಗನ ದಾರ ಹಾಕಿ ಮೇಲೆತ್ತಿ ಕಟ್ಟಿದ್ರೆ ಮೂರ್ನೇದು."

ರಂಜಿನಿ ಆರ್ಡರಿನಲ್ಲಿದ್ದ ವಿವರಕ್ಕೆ ಹೋಲಿಸಿ ಅವಕ್ಕೆ ಫ್ರೆಂಚ್, ಇಂಗ್ಲಿಷ್, ಪೋಲಿಷ್ ಎಂದು ಚೀಟಿ ಅಂಟಿಸಿದಳು.

ಅಳತೆಗೆಂದು ಆ ಕಾಲದ್ದೇ ಒಂದು ಗೌನು ಪೆಟ್ಟಿಗೆಯಲ್ಲಿ ಬಂತು. ಸಡಿಲ ನೆರಿಗೆಯದು, ಮಾಸಿದ ಹಳದಿ ರೇಷ್ಮೆ. ಸಣ್ಣಕ್ಕ ಒಳಮಗ್ಗುಲು ತಿರುಗಿಸಿದಳು. ಸೈಡ್ ಹೊಲಿಗೆಯ ಪಕ್ಕ ಸೂಜಿಯ ಹಳೆಯ ತೂತುಗಳು, ಮೂರು ಸಾಲು. ಅವಳು ಅವುಗಳ ಮೇಲೆ ಬೆರಳಾಡಿಸಿದಳು.

ತಂಗಿ ಮಾನಸಾ ಬಸುರಿಯಾಗಿ ತವರಿಗೆ ಬಂದಾಗ ಅವಳ ರವಿಕೆಗಳನ್ನು ಸಣ್ಣಕ್ಕ ಹೀಗೇ ಬಿಚ್ಚಿ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದಳು. "ಮಗು ಆದ್ಮೇಲೆ ತಿರ್ಗ ಹಿಡ್ದು ಕೊಡ್ಬೇಕು ಕಣಕ್ಕ," ಎಂದಿದ್ದಳು ಮಾನಸಾ. ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

"ಮೂರು ಸಲ ಬಿಚ್ಚವ್ರೆ. ಆಮೇಲೆ ಯಾರೂ ಹಿಡ್ದಿಲ್ಲ," ಎಂದಳು ಸಣ್ಣಕ್ಕ.

"ದಪ್ಪ ಆಗಿದ್ರೇನೋ ಬಿಡಕ್ಕ," ಎಂದಳು ರಂಜಿನಿ.

ಮಾರನೆಯ ಮಧ್ಯಾಹ್ನ ಸಣ್ಣಕ್ಕ ಊಟ ಮುಗಿಸಿ ಬಂದಾಗ ಕಿಟಕಿಯ ಬಳಿ ಆ ಗೌನು ಇತ್ತ ಬೆನ್ನು ಮಾಡಿ ನಿಂತಿತ್ತು. ರಂಜಿನಿ ಅದನ್ನು ಗೊಂಬೆಗೆ ತೊಡಿಸಿರಬೇಕು ಎಂದುಕೊಂಡು ಮೇಜಿನತ್ತ ತಿರುಗಿದಳು. ಅಲ್ಲಿ ಪೆಟ್ಟಿಗೆ ತೆರೆದಿತ್ತು, ಗೌನು ಮಡಿಸಿದಂತೆಯೇ ಒಳಗಿತ್ತು. ಮತ್ತೆ ಕಿಟಕಿ ನೋಡಿದಳು. ಭುಜದಿಂದಿಳಿದ ನೆರಿಗೆಗಳು ಉಸಿರಾಡಿದಷ್ಟೇ ಅಲುಗಿದವು.

"ಮಾನಸಾ?"

ಬೆನ್ನು ತಿರುಗಲಿಲ್ಲ. ಬಾಗಿಲಲ್ಲಿ ಯಾರೋ ಮಾತಾಡಿದ ಸದ್ದಾಯಿತು, ಕಿಟಕಿಯ ಬಳಿ ಬರೀ ಬಿಸಿಲಿತ್ತು.

ಅದರ ಅಳತೆಗೆ ಹೊಲಿಯುತ್ತಿದ್ದ ಹೊಸ ಗೌನು ಮುಗಿಯುವ ಮೊದಲು ಹಾಗೆ ಇನ್ನೂ ಎರಡು ಸಲ ಆಯಿತು. ಹೆದರಿಕೆಗಿಂತ, ಮುಖ ಕಾಣಿಸಲಿಲ್ಲವಲ್ಲ ಎಂಬ ಸಂಕಟವೇ ಸಣ್ಣಕ್ಕನಿಗೆ ಹೆಚ್ಚಾಯಿತು. ಅವಳು ಹೊಸ ಗೌನಿನ ಒಳಗೂ ಮೂರು ಸಾಲು ತೂತು ಚುಚ್ಚಿದಳು.

"ಇದ್ಯಾಕಕ್ಕ?" ಎಂದಳು ರಂಜಿನಿ.

"ಇದ್ದಂಗೇ ಮಾಡಿ ಅಂದಿದ್ರಲ್ಲ."

ನಾಟಕ ಕಂಪನಿಯವರು ಅದನ್ನು ಮೆಚ್ಚಿದರು. ಹಳೆಯ ಗೌನು ವಾಪಸು ಹೋಯಿತು. ಸಣ್ಣಕ್ಕ ಕೇಳಿಕೊಂಡು ಶರ್ಟಿನ ಲೈನಿಗೆ ಬದಲಾದಳು. ಈಗ ಸಂಜೆಯ ಬಸ್ಸಿನಲ್ಲಿ ಅವಳಿಗೆ ಎಲ್ಲರಿಗಿಂತ ಮುಂದಿನ ಸೀಟೇ ಬೇಕು. ಅದು ಸಿಗದಿದ್ದರೆ ಇನ್ನೊಂದು ಬಸ್ಸಿಗೆ ಕಾಯುತ್ತಾಳೆ, ಕಣ್ಣೆದುರು ಯಾರ ಬೆನ್ನೂ ಇರಬಾರದೆಂದು.