ಹಳೇ ಮುಳ್ಳೇ ಇರಲಿ

ನಮ್ಮ ಮನೆಯಲ್ಲಿ ಗಂಡ ಹೆಂಡತಿಗೆ ದೊಡ್ಡ ಜಗಳ ಅಂತ ಆಗಿದ್ದು ಒಂದೇ ವಿಷಯಕ್ಕೆ: ಗ್ರಾಮಫೋನಿನ ಮುಳ್ಳು. ಜನ ಹೊಲಕ್ಕೆ, ಬಂಗಾರಕ್ಕೆ ಜಗಳಾಡುತ್ತಾರೆ. ನಾವು ಹೆಬ್ಬೆರಳಿನ ತುದಿಯಷ್ಟು ದೊಡ್ಡ ಸಾಮಾನಿಗೆ ಮುಖ ತಿರುಗಿಸಿಕೊಂಡು ಕೂತವರು. ಅದಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ. ಹಾಡಿನ ಪ್ಲೇಟಿನ ಮೇಲೆ ಓಡುವ ಮುಳ್ಳನ್ನು ಹಿಡಿದಿಟ್ಟುಕೊಂಡು, ಅದರ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುವುದು ಅದರ ಕೆಲಸ. ನನ್ನ ಹೆಂಡತಿಗೆ ಎಲ್ಲಾ ಸೇರಿ ಬರೀ ಮುಳ್ಳು. ಅವಳು ತೀರಿಹೋಗಿ ವರ್ಷವಾಗುತ್ತ ಬಂತು. ಜಗಳ ಮಾತ್ರ ಹಾಗೇ ನಿಂತಿದೆ.

ನಾನು ಗಿಣಿಗೇರಾದ ಕಡೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಮನೆ ಕೊಪ್ಪಳದಲ್ಲಿ. ನೈಟ್ ಶಿಫ್ಟಿದ್ದ ವಾರ ಬೆಳಿಗ್ಗೆ ಬಂದು, ರೊಟ್ಟಿ ತಿಂದು ಮಂಚಕ್ಕೆ ಬಿದ್ದರೆ ಇಳಿಹೊತ್ತಿನವರೆಗೂ ಹೆಣ. ಆದರೆ ಅಡುಗೆ ಮನೆಯಲ್ಲಿ ಒಂದು ಲೋಟ ಬಿದ್ದರೂ ಎದ್ದು ಕೂತು ಹರಿಹಾಯುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಆಗ ಕಿವಿ ಚುರುಕಾಗಿತ್ತು. ಈಗ ಮಂದ. ದಪ್ಪ ಧ್ವನಿ ಕೇಳಿಸುತ್ತದೆ. ತಾಳ, ಗೆಜ್ಜೆ, ಗುಬ್ಬಿಯ ಚಿಲಿಪಿಲಿ ಯಾವುದೂ ಇಲ್ಲ.

ಕುಷ್ಟಗಿಯಲ್ಲಿ ಮೈಕ್ ಸೆಟ್ಟಿನ ಅಂಗಡಿಯೊಂದು ಮುಚ್ಚಿದಾಗ ಪ್ಲೇಟುಗಳ ಸಮೇತ ಈ ಗ್ರಾಮಫೋನು, ಅಂದರೆ ಕರೆಂಟಿನ ಟರ್ನ್‌ಟೇಬಲ್, ತಂದಿದ್ದೆ. ಅದರ ತಲೆಗೆ ಹಳೇ ಕಾಲದ, ಬಿರುಸಾದ ಸಿರಾಮಿಕ್ ಕಾರ್ಟ್ರಿಜ್ ಇತ್ತು. ಮುಂದೆ ಓವರ್‌ಟೈಮಿನ ಹಣದಲ್ಲಿ ಹುಬ್ಬಳ್ಳಿಯಿಂದ ಮ್ಯಾಗ್ನೆಟ್ ಇರುವ ಹೊಸದೊಂದನ್ನು ತಂದು ಹಾಕಿದೆ. ಆಹಾ, ಏನು ಧ್ವನಿ! ಹೆಂಡತಿ ಪ್ಲೇಟಿನ ಒಂದು ಬದಿ ಪೂರಾ ಕೇಳಿದಳು.

"ಧ್ವನಿ ಭಾಳ ಛಲೋ ಐತ್ರಿ," ಅಂದಳು. ಎರಡು ದಿನ ಬಿಟ್ಟು, "ಆದ್ರ ಹಳೇ ಮುಳ್ಳ ಇರಲಿ. ಅದನ್ನ ಹಚ್ಚಿಕೊಡ್ರಿ," ಅಂದಳು.

"ಯಾಕ? ಇದಕ್ಕೇನಾಗೇತಿ?"

"ಏನೂ ಆಗಿಲ್ಲ. ನನಗ ಅದ ಬೇಕು."

"ನಿನ್ನ ಕಿವಿಗೆ ಹಿತ್ತಾಳಿ ಯಾವುದು, ಬಂಗಾರ ಯಾವುದು ಗೊತ್ತಾಗಂಗಿಲ್ಲ ನೋಡು," ಅಂತ ಬೈದೆ. ಅವಳು ನಕ್ಕಳೇ ಹೊರತು ಕಾರಣ ಹೇಳಲಿಲ್ಲ. ಬೈದುಕೊಳ್ಳುತ್ತಲೇ ಹಳೆಯದನ್ನು ಹಚ್ಚಿದೆ. ಹೊಸದನ್ನು ಸಿಟ್ಟಿನಲ್ಲಿ ಯಾರಿಗೋ ಕೊಟ್ಟುಬಿಟ್ಟೆ. ಆಮೇಲೆ ವರ್ಷಗಟ್ಟಲೆ, ಊಟಕ್ಕೆ ಉಪ್ಪು ಕಡಿಮೆಯಾದರೂ ನಾನು ಆ ಮಾತು ಎತ್ತುತ್ತಿದ್ದೆ.

ಈ ಬೇಸಿಗೆಯಲ್ಲಿ ಹಳೇ ಮುಳ್ಳು ಸವೆದು, ಪ್ಲೇಟು ಗರಗರ ಅನ್ನತೊಡಗಿತು. ಗಂಗಾವತಿಯಲ್ಲಿ ರೇಡಿಯೊ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನು ಹಳೆಯದಕ್ಕೆ ಮುಳ್ಳು ಬದಲಿಸಿಕೊಟ್ಟ. ಜೊತೆಗೆ ಮ್ಯಾಗ್ನೆಟ್ಟಿನದೂ ಒಂದು ಕೊಟ್ಟ. "ಎರಡೂ ಒಯ್ದು ಕೇಳಿ ನೋಡು. ಛಲೋ ಅನಿಸಿದ್ದು ಇಟ್ಕೊ, ಇನ್ನೊಂದು ವಾಪಸ್ ಕೊಡು," ಅಂದ. ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಸಲ ನನ್ನದೇ ಸರಿ ಅಂತ ತೋರಿಸಬೇಕು. ತೋರಿಸಲು ಅವಳೇ ಇಲ್ಲ ಅನ್ನುವುದು ಬೀಗ ತೆಗೆದು ಒಳಗೆ ಕಾಲಿಟ್ಟಾಗ ಹೊಳೆಯಿತು.

ಮರುದಿನ ಕೂತು ಒಂದೇ ಪ್ಲೇಟನ್ನು ಒಮ್ಮೆ ಅದರಲ್ಲಿ, ಒಮ್ಮೆ ಇದರಲ್ಲಿ ಹಾಕಿದೆ. ನಾಟಕ ಕಂಪನಿಯ ಹಾಡುಗಳ ಪ್ಲೇಟು, ಅವಳಿಗೆ ಇಷ್ಟವಾದದ್ದು. ಪ್ರತಿ ಸಲ ತಲೆ ಬದಲಿಸು, ಮುಳ್ಳಿನ ಭಾರ ಸರಿಮಾಡು, ವೈರು ಬೇರೆ ಕಿಂಡಿಗೆ ಹಾಕು. ಕೈಗೆ ಈ ಕೆಲಸ ಹೊಸದಲ್ಲ. ಕಿವಿಗೆ ಮಾತ್ರ ವ್ಯತ್ಯಾಸವೇ ಹತ್ತಲಿಲ್ಲ! ಕೊನೆಗೆ ಕಾರ್ಖಾನೆಯ ವಿದ್ಯೆ ತೆಗೆದೆ. ಓಡುವ ಮಷೀನಿನ ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳುತ್ತಿದ್ದೆವು. ಹಾಗೇ ಸ್ಪೀಕರಿನ ಪೆಟ್ಟಿಗೆಗೆ ಇಟ್ಟು ಕೇಳಿದೆ. ಬರೀ ಗುಂಯ್ ಅಂತು. ಇದು ಛಲೋ, ಅದು ಬ್ಯಾಡ ಅನ್ನಲು ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಂಥಾ ಬಾಳು ಇದು ಅನಿಸಿತು.

ಪಕ್ಕದ ಮನೆಯ ಅಕ್ಕಾರನ್ನು ಕರೆದೆ. ಅವರದು ಬಳೆ ವ್ಯಾಪಾರದ ಮನೆ. ನನ್ನ ಹೆಂಡತಿಯೂ ಅವರೂ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಕೂತು ಹಳೇ ಸೀರೆಗಳ ಕೌದಿ ಹೊಲೆಯುತ್ತಿದ್ದರು. ಅವರು ಬಾಗಿಲ ಹತ್ತಿರ ಕೂತು ಎರಡನ್ನೂ ಕೇಳಿದರು.

"ಎರಡನೇದು ಛಲೋ ಐತ್ರಿ ಅಣ್ಣಾರ. ಹಾಡೋರು ಎದುರಿಗೇ ಕುಂತಂಗ ಐತಿ."

ಎರಡನೆಯದು ಮ್ಯಾಗ್ನೆಟ್ಟಿನದು. ಗೆದ್ದೆ! "ಕೇಳ್ದೇನು?" ಅಂತ ಅಡುಗೆ ಮನೆಯ ಕಡೆ ತಿರುಗಿಯೇಬಿಟ್ಟೆ. ಅಕ್ಕಾರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಆದ್ರ ನಿಮ್ಮ ಮನಿಯವರಿಗೆ ಇದು ನಡೀತಿದ್ದಿಲ್ಲ ಬಿಡ್ರಿ," ಅಂದರು.

"ಅದ ನೋಡ್ರಿ! ಯಾಕಂತ ನನಗ ಒಂದಿನಾನೂ ಹೇಳಲಿಲ್ಲ."

"ಆ ಆಂಪ್ಲಿಫೈಯರ್ ಬಂದ್ ಮಾಡ್ರಿ, ತೋರಸ್ತೀನಿ."

ಬಂದ್ ಮಾಡಿದೆ. ಪ್ಲೇಟು ತಿರುಗುತ್ತಲೇ ಇತ್ತು. ಅಕ್ಕಾರು ಮುಳ್ಳಿನ ಹತ್ತಿರ ಕಿವಿ ತಂದು, ಏನೂ ಇಲ್ಲ ಅಂತ ಕೈ ಆಡಿಸಿದರು. ಹಳೆಯದನ್ನು ಹಾಕಲು ಹೇಳಿದರು. ಹಾಕಿದೆ. ಮತ್ತೆ ಬಾಗಿದರು. ಬಾಗಿದವರು ಹಾಗೇ ಸಣ್ಣಗೆ ಹಾಡಿನ ಜೊತೆ ಗುನುಗತೊಡಗಿದರು.

"ಇದು ಬಿರುಸು ಮುಳ್ಳರಿ. ಆಂಪ್ಲಿಫೈಯರಿನ ಹಂಗಿಲ್ಲದ ತಾನ ಸಣ್ಣಗ ಹಾಡತೈತಿ. ನೀವು ರಾತ್ರಿ ಪಾಳಿ ಮುಗಿಸಿ ಮಕ್ಕೊಂಡಾಗ ನಾವು ಹಿಂಗ ಹಚ್ಚಿಕೊಂಡು, ಇದರ ಮಗ್ಗಲಕ ಕುಂತು ಕೌದಿ ಹೊಲೀತಿದ್ವಿ. ನಾ ಜೋರು ನಕ್ರ, 'ಮೆಲ್ಲಕ, ಅವರು ಎದ್ದಾರು' ಅಂತ ನನ್ನ ಬಾಯಿ ಮುಚ್ಚತಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹೊಸದ ಇರಲಿ, ಜೋರಾಗೇ ಹಚ್ಚು ಅಂತಿದ್ರಿ. ನಿದ್ದಿ ಕೆಡಿಸ್ಕೊಂಡು ಆ ಮಷೀನಿನ ನಡುವ ಹೋಗೋರು ನೀವು. ಅದ ಅವರಿಗೆ ಅಂಜಿಕಿ."

ಅಕ್ಕಾರು ಹೋದ ಮೇಲೆ ನಾನೂ ಮುಳ್ಳಿನ ಹತ್ತಿರ ಕಿವಿ ಇಟ್ಟೆ. ಏನೂ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಟರ್ನ್‌ಟೇಬಲ್ಲಿನ ಕಟ್ಟಿಗೆಗೆ ತಾಗಿಸಿ, ಹಿಡಿಯನ್ನು ಎಲುಬಿಗೆ ಒತ್ತಿದೆ. ಬಲು ದೂರದಿಂದ, ಗೋಡೆಯಾಚೆ ಯಾರೋ ಹಾಡಿಕೊಂಡ ಹಾಗೆ, ಹಾಡೊಂದು ಬಂತು. ಮೋಟಾರಿನ ಸದ್ದಿನ ನಡುವೆ ಅದನ್ನು ಹುಡುಕಿ ಹಿಡಿದುಕೊಂಡು ಕೊನೆಯವರೆಗೂ ಕೇಳಿದೆ. ಹಿಡಿ ಒತ್ತಿ ಎಲುಬು ನೋಯುತ್ತಿತ್ತು. ಅಳು ಬಂತು, ಅತ್ತೆ.

ಮ್ಯಾಗ್ನೆಟ್ಟಿನದನ್ನು ವಾಪಸ್ ಒಯ್ಯಲು ಚೀಲಕ್ಕೆ ಹಾಕಿಟ್ಟೆ. ಪ್ಲೇಟನ್ನು ಮತ್ತೆ ಮೊದಲಿನಿಂದ ಹಚ್ಚಿದೆ, ಆಂಪ್ಲಿಫೈಯರ್ ಇಲ್ಲದೆ. ಮನೆಯಲ್ಲಿ ಎಬ್ಬಿಸಬಾರದವರು ಯಾರೂ ಇರಲಿಲ್ಲ. ಒಳಗೆ ಹೋಗಿ, ಶಿಫ್ಟು ಮುಗಿಸಿ ಬಂದಾಗ ಮಲಗುತ್ತಿದ್ದ ಮಂಚದ ಮೇಲೆ, ಅದೇ ಮಗ್ಗುಲಿಗೆ ಮಲಗಿದೆ. ನಡುಮನೆಯಲ್ಲಿ ಹಾಡು ನಡೆದೇ ಇತ್ತು. ಅಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.